ಹದಿನಾರಾ, ಹದಿನೆಂಟಾ? ಮನೆ ಗುಂಪಿನ ಒಂದು ಜಗಳ

(ಕುಟುಂಬದ ವಾಟ್ಸಾಪ್ ಗುಂಪಿನದು. ‘ಶುಭ ರಾತ್ರಿ’ ಚಿತ್ರಗಳನ್ನೂ ನಡುವೆ ಬಂದ ಹಲಸಿನ ಹಪ್ಪಳದ ಆರ್ಡರುಗಳನ್ನೂ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.)

ಗಣಪತಿ ಭಾವ, ಕುಮಟಾ: [ಫಾರ್ವರ್ಡ್] ‘18 ತುಂಬಲು ಒಂದು ದಿನ ಬಾಕಿ ಇದ್ದರೂ ಸಾಕು, ಕೊಲೆ ಮಾಡಿದವನಿಗೂ ಮೂರೇ ವರ್ಷ!! ವಯಸ್ಸನ್ನು 16ಕ್ಕೆ ಇಳಿಸಲಿ. ಒಪ್ಪುವವರು 10 ಜನರಿಗೆ ಕಳಿಸಿ.’

ಗಣಪತಿ ಭಾವ: ಇದರಲ್ಲಿ ತಪ್ಪೇನಿದೆ ಹೇಳಿ ನೋಡೋಣ.

ಪ್ರಸನ್ನ, ಬೆಂಗಳೂರು: ನೂರಕ್ಕೆ ನೂರು ಸರಿ ಭಾವ. 2024ರ ಮೇ ತಿಂಗಳ ಪುಣೆ ಕೇಸ್ ನೆನಪಿದೆ ಅಲ್ವಾ? ಹದಿನೇಳರ ಹುಡುಗ, ಪೋರ್ಷೆ ಕಾರು. ನನ್ನ ಹಾಗೇ ಐಟಿಯಲ್ಲಿದ್ದ ಇಬ್ಬರು ಸತ್ತರು. ಅವನಿಗೆ ಜಾಮೀನಿನ ಷರತ್ತು 300 ಪದಗಳ ಪ್ರಬಂಧ! ನಮ್ಮ ಆಯಿ ಶಾಲೆಯಲ್ಲಿ ಗಲಾಟೆ ಮಾಡಿದವರಿಗೆ ಅದಕ್ಕಿಂತ ಜಾಸ್ತಿ ಬರೆಸುತ್ತಿದ್ದಳು.

ಶಾರದತ್ತೆ: ನನ್ನನ್ನು ಯಾಕೆ ಎಳೆಯುತ್ತೀಯೋ.

ವೀಣಕ್ಕ: ಭಾವ, ಈ ಫಾರ್ವರ್ಡ್ ಹಳಸಿ ಎಷ್ಟೋ ವರ್ಷವಾಯಿತು. 2012ರ ದೆಹಲಿ ನಿರ್ಭಯಾ ಕೇಸಿನ ಆರು ಜನರಲ್ಲಿ ಒಬ್ಬನಿಗೆ 18 ಆಗಿರಲಿಲ್ಲ. ಅವನಿಗೆ ಮೂರೇ ವರ್ಷ ಆದದ್ದು ನಿಜ. 2015ರ ಡಿಸೆಂಬರಿನಲ್ಲಿ ಅವನು ಹೊರಗೆ ಬಂದ. ಎರಡು ದಿನದಲ್ಲಿ ರಾಜ್ಯಸಭೆ ಹೊಸ ಬಾಲನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿಯಿಂದ ಅದೇ ಜಾರಿಯಲ್ಲಿದೆ. ಈಗ 16 ತುಂಬಿದವನು ಕೊಲೆಯನ್ನೋ ಅತ್ಯಾಚಾರವನ್ನೋ ಮಾಡಿದರೆ, ಬಾಲನ್ಯಾಯ ಮಂಡಳಿ ಅವನ ಬುದ್ಧಿ, ತಿಳಿವಳಿಕೆ, ಸಂದರ್ಭ ಎಲ್ಲ ನೋಡಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ದೊಡ್ಡವರ ಹಾಗೇ ವಿಚಾರಣೆ ಆಗಬಹುದು. ಗಲ್ಲು ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿ ಇಲ್ಲ. ಆದರೆ ಮೂರು ವರ್ಷದ ಮಿತಿಯೂ ಇಲ್ಲ. 21 ಆಗುವ ತನಕ ಬೇರೆ ಕಡೆ ಇಟ್ಟು, ಆಮೇಲೆ ಜೈಲಿಗೂ ಕಳಿಸಬಹುದು.

ಗಣಪತಿ ಭಾವ: ಹಾಗಿದ್ದರೆ ಪುಣೆಯವನನ್ನು ಯಾಕೆ ಕಳಿಸಲಿಲ್ಲ? 2025ರಲ್ಲಿ ಪೊಲೀಸರ ಅರ್ಜಿಯನ್ನು ಮಂಡಳಿಯೇ ತಳ್ಳಿಹಾಕಿತಲ್ಲ. ನಾನೂ ಪೇಪರ್ ಓದುತ್ತೇನೆ ವೀಣಾ.

ವೀಣಕ್ಕ: ಓದಿದ್ದು ಸರಿಯಾಗಿದೆ. ಹಾಗೆ ಕಳಿಸುವುದು ‘ಘೋರ’ ಅಪರಾಧಕ್ಕೆ ಮಾತ್ರ. ಕನಿಷ್ಠ ಏಳು ವರ್ಷ ಶಿಕ್ಷೆ ಎಂದು ಕಾನೂನಿನಲ್ಲೇ ಬರೆದಿದ್ದರೆ ಮಾತ್ರ ಅದು ಘೋರ. ಪುಣೆಯವನ ಮೇಲಿನ ಆರೋಪ ಕೊಲೆಯಲ್ಲದ ನರಹತ್ಯೆ. ಅದಕ್ಕೆ ಗರಿಷ್ಠ ಶಿಕ್ಷೆ ದೊಡ್ಡದಿದೆ, ಆದರೆ ಏಳು ವರ್ಷದ ಕನಿಷ್ಠ ಇಲ್ಲ. ಇಂಥವನ್ನು ಘೋರ ಎನ್ನಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿತು. ಸಂಸತ್ತು ಏನಾದರೂ ಮಾಡಲಿ ಎಂದೂ ಹೇಳಿತು. 2021ರಲ್ಲಿ ತಿದ್ದುಪಡಿ ಬಂತು. ಅದರಲ್ಲಿ ಇವನ್ನೆಲ್ಲ ಒಂದು ಮೆಟ್ಟಿಲು ಕೆಳಗಿನ ‘ಗಂಭೀರ’ ಗುಂಪಿಗೇ ಹಾಕಿದರು. ಬೇಕೆಂದೇ ಹಾಕಿದ್ದು, ಮರೆತು ಅಲ್ಲ.

ಗಣಪತಿ ಭಾವ: ಅಂದರೆ ಕಾನೂನಿನಲ್ಲಿ ತೂತಿದೆ ಅಂತ ಒಪ್ಪಿಕೊಂಡೆ. ಅದಕ್ಕೇ ಹೇಳೋದು 16 ಮಾಡಿ ಅಂತ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16 ಇತ್ತಲ್ಲ? ಆಗ ಏನು ಆಕಾಶ ಕಳಚಿ ಬಿದ್ದಿತ್ತಾ?

ನಾನು: ಭಾವ, ಈ ಪ್ರಶ್ನೆ ಮಾತ್ರ ಚೆನ್ನಾಗಿದೆ.

ವೀಣಕ್ಕ: ಇತ್ತು. ಹುಡುಗಿಯರಿಗೆ 18, ಹುಡುಗರಿಗೆ 16. 2000ದಲ್ಲಿ ಇಬ್ಬರಿಗೂ 18 ಮಾಡಿದರು. ದೆಹಲಿ ಕೇಸಿನ ಸಿಟ್ಟು ಆರುವ ಮೊದಲೇ ನ್ಯಾಯಮೂರ್ತಿ ವರ್ಮಾ ಸಮಿತಿ ಕೂತಿತ್ತು. ಅತ್ಯಾಚಾರದ ಕಾನೂನನ್ನು ಬಿಗಿ ಮಾಡಿ ಎಂದ ಅದೇ ಸಮಿತಿ, 2013ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಅವರೇನು ಕಳ್ಳರ ಪರ ಇದ್ದವರಾ?

ಪ್ರಸನ್ನ: ಸಮಿತಿಯವರಿಗೆ ಹೇಳಲು ಸುಲಭ ಅಕ್ಕ. ಸತ್ತವರು ಅವರ ಮನೆಯವರಲ್ಲ.

ಸುರೇಶ ಮಾವ, ಶಿರಸಿ: ನನ್ನ ಅಡಿಕೆಯ ಕಥೆ ಎಲ್ಲರಿಗೂ ಗೊತ್ತಿದೆ. ಆದರೂ ಹೇಳುತ್ತೇನೆ. ಸುಲಿದು ಚೀಲ ಹೊಲಿದಿಟ್ಟಿದ್ದ ಚಾಲಿ. ಬೆಳಿಗ್ಗೆ ನೋಡಿದರೆ ಎರಡು ಚೀಲ ಇಲ್ಲ. ಒಂದು ಚೀಲ ತೂತಾಗಿತ್ತು, ಅಂಗಳದಿಂದ ಗದ್ದೆ ಹಾಳಿಯ ತನಕ ಅಡಿಕೆ ಉದುರಿಕೊಂಡು ಹೋಗಿತ್ತು. ಅದನ್ನೇ ಹಿಡಿದು ಹೋದರೆ ಸಿಕ್ಕಿದವರು ಇಬ್ಬರು ಹುಡುಗರು, ಒಬ್ಬನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ನನಗೂ ಆ ದಿನ ಒದ್ದು ಒಳಗೆ ಹಾಕಿ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ‘ತಂದುಕೊಡಿ, ನಾನು ಮಾರಿಕೊಡುತ್ತೇನೆ’ ಎಂದವನು ನಲವತ್ತು ದಾಟಿದ ಗಂಡಸು. ಬೈಕೂ ಅವನದೇ. ಅವನು ಈಗಲೂ ಪೇಟೆಯಲ್ಲಿ ನನಗೆ ನಮಸ್ಕಾರ ಹೇಳುತ್ತಾನೆ.

ವೀಣಕ್ಕ: ಮಾವ, ಅವನಿಗೆ ಅದೇ ಕಾಯ್ದೆಯ 83ನೇ ಸೆಕ್ಷನ್ ಇದೆ. ಮಕ್ಕಳನ್ನು ಮುಂದೆ ಬಿಟ್ಟು ಅಪರಾಧ ಮಾಡಿಸುವ ದೊಡ್ಡವರಿಗೆ ಏಳು ವರ್ಷದ ತನಕ ಕಠಿಣ ಸಜೆ, ಐದು ಲಕ್ಷ ದಂಡ. ಬಳಸಿದ್ದು ನಾನಂತೂ ನೋಡಿಲ್ಲ. 16 ಮಾಡಿದರೆ ಇಂಥವನು ಹದಿನೈದರವನನ್ನು ಹುಡುಕುತ್ತಾನೆ, ಅಷ್ಟೇ.

ಗಣಪತಿ ಭಾವ: ಅಡಿಕೆ ಕದ್ದವನೂ ಕೊಲೆ ಮಾಡಿದವನೂ ಒಂದೇನಾ?

ನಾನು: ಅಲ್ಲ ಭಾವ, ಆದರೆ ನಿಮ್ಮ ಫಾರ್ವರ್ಡ್ ಇಬ್ಬರನ್ನೂ ಒಂದೇ ಮಾಡುತ್ತದೆ. ವಯಸ್ಸು ಇಳಿಸಿದರೆ ಅಡಿಕೆ ಹುಡುಗನೂ ನೇರ ಜೈಲಿಗೆ, ಆ ನಲವತ್ತರವನ ಪಕ್ಕಕ್ಕೇ. 2022ರಲ್ಲಿ ದೇಶದಲ್ಲಿ ದಾಖಲಾದ ಕೇಸು 58 ಲಕ್ಷಕ್ಕೂ ಮೇಲೆ. ಅದರಲ್ಲಿ 18ರೊಳಗಿನವರು ಆರೋಪಿಗಳಾಗಿದ್ದವು ಮೂವತ್ತು ಸಾವಿರ ಚಿಲ್ಲರೆ. ಪುಣೆಯಂಥ ಕೇಸಿನ ಸಿಟ್ಟನ್ನು ಇಷ್ಟೂ ಜನರ ಮೇಲೆ ತೀರಿಸಬೇಕಾ? ಮತ್ತೆ ಪುಣೆಯಲ್ಲಿ ನಮಗೆ ಹೊಟ್ಟೆ ಉರಿದದ್ದು ಅವನ ವಯಸ್ಸಿಗಲ್ಲ, ಅಪ್ಪನ ದುಡ್ಡಿಗೆ. ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದಲ್ಲಿ ಬಂಧನ ಆದದ್ದು ದೊಡ್ಡವರದು, ಡಾಕ್ಟರುಗಳದ್ದೂ ಸೇರಿ.

ಶಾರದತ್ತೆ: ಗಣಪತಿ, ಸಿಟ್ಟಾಗಬೇಡ. ನಿನ್ನ ಮಗ ಪಿಯುಸಿಗೆ ಹೋಗುವುದು ಸ್ಕೂಟಿಯಲ್ಲೇ ಅಲ್ವಾ? ಹೈವೇ ಮೇಲೆ?

ಗಣಪತಿ ಭಾವ: ಅದು ಬೇರೆ ವಿಷಯ ಅತ್ತೆ. ಬಸ್ಸು ಸರಿಯಾದ ಟೈಮಿಗೆ ಇಲ್ಲ.

ವೀಣಕ್ಕ: ಬೇರೆ ಏನೂ ಅಲ್ಲ. 2019ರ ಮೋಟಾರು ವಾಹನ ತಿದ್ದುಪಡಿ. ಅವನು ಯಾರಿಗಾದರೂ ಗುದ್ದಿದರೆ ಮೂರು ವರ್ಷದ ತನಕ ಜೈಲು, 25,000 ದಂಡ. ಅವನಿಗಲ್ಲ, ನಿಮಗೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಅವನಿಗೆ 25 ಆಗುವ ತನಕ ಲೈಸೆನ್ಸ್ ಇಲ್ಲ.

ಪ್ರಸನ್ನ: ಭಾವ ಟೈಪಿಂಗ್… ನಿಂತಿತು… ಮತ್ತೆ ಟೈಪಿಂಗ್…

ಗಣಪತಿ ಭಾವ: ಸರಿ, ಸ್ಕೂಟಿಯ ಕೀಲಿ ಇವತ್ತಿನಿಂದ ನನ್ನ ಹತ್ತಿರ. ಆದರೆ ಒಂದು ಹೇಳು ವೀಣಾ. ಮಂಡಳಿಯಲ್ಲಿ ನಡೆಯುವುದಾದರೂ ಏನು? ಬುದ್ಧಿ ಹೇಳಿ ಮನೆಗೆ ಕಳಿಸುತ್ತಾರೆ, ಅಷ್ಟೇ ಅಲ್ವಾ?

ವೀಣಕ್ಕ: ಅಲ್ಲಿ ಕಟಕಟೆ ಇರುವುದಿಲ್ಲ, ಎತ್ತರದ ಪೀಠ ಇಲ್ಲ. ಪೊಲೀಸರೂ ಸಾದಾ ಬಟ್ಟೆಯಲ್ಲಿ ಬರಬೇಕು. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು. ಹುಡುಗನನ್ನು ಹಾಜರು ಮಾಡಿ ಹದಿನೈದು ದಿನದೊಳಗೆ ಅವನ ಮನೆ, ಶಾಲೆ, ಸಹವಾಸದ ವರದಿ ಬರಬೇಕು. ಇಡೀ ಕಾಯ್ದೆ ನಿಂತಿರುವುದು ಆ ವರದಿಯ ಮೇಲೆ. ಯಾವ ಊರಿನದು ಎಂದು ಹೇಳುವುದಿಲ್ಲ, ನಾನು ಕಂಡ ಒಂದರಲ್ಲಿ ‘ಕುಟುಂಬ ಬಡತನದಲ್ಲಿದೆ, ಸಹವಾಸ ಸರಿಯಿಲ್ಲ’ ಎಂದು ಎರಡು ಸಾಲು. ಸಹಿ, ಸೀಲು. ಆ ಹುಡುಗನ ಮನೆಗೆ ಯಾರೂ ಹೋಗಿರಲೇ ಇಲ್ಲ. ಅವನಿಗೆ 16 ಆಗಿದ್ದರೇನು, 18 ಆಗಿದ್ದರೇನು? ನನಗೆ ಸುಧಾರಣೆ ಬೇಕಾದದ್ದು ಅಲ್ಲಿ. ಮನೆಗೆ ಹೋಗಿ ನೋಡಲು ಜನ ಬೇಕು. ಪುಣೆಯಂಥ ಕೇಸಿಗೆ ಬೇಕಾದರೆ ಆ ಏಳು ವರ್ಷದ ಗೆರೆಯನ್ನು ಸಂಸತ್ತು ಇನ್ನೊಮ್ಮೆ ನೋಡಲಿ, ಬೇಡ ಅನ್ನುವುದಿಲ್ಲ. ವಯಸ್ಸನ್ನು ಮುಟ್ಟಬೇಡಿ.

ಶಾರದತ್ತೆ: ಆ ಸತ್ತ ಮಕ್ಕಳ ತಂದೆತಾಯಿಗೆ ಅಲ್ಲಿ ಯಾರಾದರೂ ಏನಾದರೂ ಹೇಳುತ್ತಾರೇನೇ ವೀಣಾ? ಅವರನ್ನು ಕೂರಿಸಿಕೊಂಡು?

ವೀಣಕ್ಕ: ಆ ಕಾಯ್ದೆ ಇಡೀ ಹುಡುಗನ ಸುತ್ತಲೇ ಇದೆ ಅತ್ತೆ. ಅವರಿಗೆ ಹೆಚ್ಚು ಜಾಗ ಇಲ್ಲ. ಪ್ರಸನ್ನ ಸಿಟ್ಟಾಗಿರುವುದು ಸುಮ್ನೆ ಅಲ್ಲ.

ಗಣಪತಿ ಭಾವ: ನಾನು ಈಗಲೂ 16 ಅಂತಲೇ ಹೇಳುತ್ತೇನೆ. ಆದರೆ ಆ 83ನೇ ಸೆಕ್ಷನ್ನೂ ವರದಿಯ ವಿಷಯವೂ ಯಾರಿಗೂ ಗೊತ್ತಿಲ್ಲ. ಕನ್ನಡದಲ್ಲಿ ಬರೆದುಕೊಡು, ಹತ್ತು ಗುಂಪಿಗೆ ಹಾಕುತ್ತೇನೆ. ಉದ್ದ ಮಾಡಬೇಡ, ‘ಇನ್ನಷ್ಟು ಓದಿ’ ಬಂದರೆ ಯಾರೂ ಓದುವುದಿಲ್ಲ.