ಡಸ್ಟ್ ಕಲೆಕ್ಟರ್ ವೆಂಟ್ ಮೇಲೆ ತಗಡು ಹೊಡೆದಿದ್ದಾರೆ, ಮಿಲ್ ಓಡಿಸಬಹುದಾ?

ಶಿರಸಿ_ಮಿಲ್:
ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಅರಿಶಿನಪುಡಿ, ಮೆಣಸಿನಪುಡಿ ಮಿಲ್. ಶೆಡ್ ಹಿಂದೆ 8 ಘನ ಮೀಟರಿನ ಬ್ಯಾಗ್ ಫಿಲ್ಟರ್ (ಹಾರೋ ಪುಡಿ ಹಿಡಿಯೋ ಡಸ್ಟ್ ಕಲೆಕ್ಟರ್) ಇದೆ. ಅದರ ಪಕ್ಕದಲ್ಲಿರೋ ತೆಳ್ಳನೆಯ ಪ್ಯಾನೆಲಿನಿಂದ ಮಳೆಗಾಲದಲ್ಲಿ ನೀರು ಇಳಿದು ಪುಡಿ ಗಂಟು ಕಟ್ಟುತ್ತಿತ್ತು. ಹೋದ ವರ್ಷ ಫಿಟರ್ ಅದರ ಮೇಲೆ ತಗಡು ಇಟ್ಟು 12 ಬೋಲ್ಟ್ ಬಿಗಿದ. ಹೋದ ವಾರ ಪುಡಿ ಮಾಡೋ ಪಲ್ವರೈಸರಿಗೆ ಮೊಳೆ ಸಿಕ್ಕಿ ಕಿಡಿ ಹಾರಿತು. ಬಿಚ್ಚಿ ನೋಡಿದರೆ ಒಂದು ಬ್ಯಾಗಿನಲ್ಲಿ ರೂಪಾಯಿ ಅಗಲದ ಸುಟ್ಟ ತೂತು! ಅವತ್ತಿಂದ ನಿದ್ದೆ ಇಲ್ಲ. ಏನು ಮಾಡಲಿ?

ಕಾರವಾರ_ಮೇಂಟೆನೆನ್ಸ್:
ಮೊದಲು ಮಿಲ್ ನಿಲ್ಲಿಸಿ. ಆಮೇಲೆ ಮಾತು.

ಆ ಪ್ಯಾನೆಲ್ಲೇ ವೆಂಟ್. ಒಳಗೆ ಪುಡಿ ಹೊತ್ತಿ ಸ್ಫೋಟಿಸಿದರೆ ಒತ್ತಡ ಹೊರಗೆ ಹೋಗಲಿ ಅಂತ ಒಡೆದು ತೆರೆಯಲೆಂದೇ ಮಾಡಿದ್ದು. ಸಾಮಾನ್ಯವಾಗಿ 0.1 ಬಾರ್ ಒತ್ತಡದ ಹತ್ತಿರ ಬಾಯಿ ಬಿಡುತ್ತೆ. ಅಷ್ಟೇ ಅಂದರೂ ಚದರ ಮೀಟರಿಗೆ ಸುಮಾರು 1 ಟನ್ ಭಾರ. ದಾರಿ ಮುಚ್ಚಿದರೆ ಒಳಗೆ 7–8 ಬಾರ್‌ವರೆಗೂ ಏರಬಹುದು. ತಗಡಿನ ಡಬ್ಬಿ ಅಷ್ಟು ತಡೆಯೋದಿಲ್ಲ, ಜೋಡಣೆ ಬಿಟ್ಟಲ್ಲೆಲ್ಲ ಒಡೆಯುತ್ತೆ. ಬೋಲ್ಟ್ ಬಿಚ್ಚಿದ ಮೇಲೆ ಹಳೇ ಪ್ಯಾನೆಲನ್ನೇ ನಂಬಬೇಡಿ, ಬಗ್ಗಿದ್ದರೆ, ತುಕ್ಕು ಹಿಡಿದಿದ್ದರೆ ಬದಲಿಸಿ. ನೀರಿಗೆ ಗ್ಯಾಸ್ಕೆಟ್ ಹೊಸದು ಹಾಕಿ. ಮೇಲೆ ಏನಾದರೂ ಹೊದಿಸೋದಿದ್ದರೆ ಪ್ಯಾನೆಲ್ ಮಾಡಿದವರು ಒಪ್ಪಿದ ಹಗುರ ಕವರ್ ಮಾತ್ರ.

ಒಂದು ಕೇಳಬೇಕು: ವೆಂಟ್ ಮುಂದೆ ಏನಿದೆ?

ಶಿರಸಿ_ಮಿಲ್:
ಲಾರಿ ನಿಲ್ಲೋ ಅಂಗಳ. 6 ಮೀಟರ್ ದೂರದಲ್ಲಿ ಹುಡುಗರು ಮೂಟೆ ಇಳಿಸ್ತಾರೆ.

ಕಾರವಾರ_ಮೇಂಟೆನೆನ್ಸ್:
ಅದೇ ನನಗೆ ಜಾಸ್ತಿ ಭಯ. ವೆಂಟ್ ತೆರೆದಾಗ ಬರೀ ಗಾಳಿ ಬರೋದಿಲ್ಲ. ಉರಿಯದ ಪುಡಿ ಹೊರಗೆ ಎಗರಿ ಅಲ್ಲೇ ಹೊತ್ತಿಕೊಳ್ಳುತ್ತೆ. ಇಂಥ ಪುಡಿಗೆ ಬಳಸೋ ಲೆಕ್ಕದಲ್ಲಿ 8 ಘನ ಮೀಟರಿಗೆ ಬೆಂಕಿ ನಾಲಿಗೆ ಸುಮಾರು 16 ಮೀಟರ್ ಚಾಚಬಹುದು. ಹುಡುಗರು ಅದರೊಳಗೇ ಇದ್ದಾರಲ್ವಾ! ಅಂಗಳ ಬೇರೆ ಕಡೆ ಮಾಡಿ, ಇಲ್ಲ ವೆಂಟ್ ದಿಕ್ಕು ಬದಲಿಸಿ. ಎರಡೂ ಆಗದಿದ್ದರೆ ಜ್ವಾಲೆ ತಡೆಯೋ ಜಾಲರಿ ವೆಂಟ್ ಕೇಳಿ. ಅದರಿಂದಲೂ ಬಿಸಿ ಗ್ಯಾಸ್ ಬರುತ್ತೆ, ಹತ್ತಿರ ಯಾರೂ ನಿಲ್ಲಬಾರದು. ಸುಮ್ನೆ ಉದ್ದ ಪೈಪ್ ಕಟ್ಟಬೇಡಿ, ಒಳಗಿನ ಒತ್ತಡ ಜಾಸ್ತಿಯಾಗುತ್ತೆ.

ಪಲ್ವರೈಸರ್ ಮುಂದೆ ಮ್ಯಾಗ್ನೆಟ್, ಫಿಲ್ಟರಿಗೆ ಬರೋ ಪೈಪಿನಲ್ಲಿ ಬೆಂಕಿ ಹಿಂದಕ್ಕೆ ಬಾರದಂತೆ ಫ್ಲ್ಯಾಪ್ ವಾಲ್ವ್, ಬ್ಯಾಗಿನ ಒಳಗಿನ ತಂತಿ ಕೇಜುಗಳಿಗೆಲ್ಲ ಅರ್ಥಿಂಗ್ ಬೇಕೇ ಬೇಕು. ತೊಲೆ ಮೇಲಿನ ಪುಡಿಯನ್ನೂ ತೆಗೆಸಿ. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಿ ಕೂತಿದ್ದ ಪುಡಿಯೇ ಎದ್ದು ಮತ್ತೆ ಮತ್ತೆ ಸ್ಫೋಟಿಸಿತು. 14 ಜನ ಹೋದರು.

ಶಿರಸಿ_ಮಿಲ್:
ತಗಡು ಬಿಚ್ಚಿದೆವು ಅಣ್ಣ. ಒಳಗಿನ ಪ್ಯಾನೆಲ್ ಅಂಚು ತುಕ್ಕು ಹಿಡಿದು ಫ್ರೇಮಿಗೇ ಅಂಟಿಕೊಂಡಿತ್ತು. ಹೊಸದು ಬರೋವರೆಗೆ ಮಿಲ್ ಬಂದ್. ಮೂಟೆ ಇಳಿಸೋದು ಇವತ್ತಿಂದ ಶೆಡ್ ಮುಂದೆ.