ಅಪ್‌ಡೇಟ್: ಎಸ್‌ಟಿಎಂ-1 ರಿಂಗ್‌ನ ಪಾಯಿಂಟರ್ ಕಾಟ ತೀರಿತು

ನಮ್ಮ ಎಸ್‌ಡಿಎಚ್ ರಿಂಗ್‌ನಲ್ಲಿ (ನೋಡ್ ಎಂಬ ಉಪಕರಣಗಳನ್ನು ಫೈಬರ್‌ನಿಂದ ಉಂಗುರದಂತೆ ಜೋಡಿಸಿದ ದೂರಸಂಪರ್ಕ ಜಾಲ; ಎಸ್‌ಟಿಎಂ-1 ಅದರ ಒಂದು ವೇಗದ ಹಂತ) ಒಂದೂ ಅಲಾರಂ ಇಲ್ಲ, ಆದರೂ ಎಯು-4 ಪಾಯಿಂಟರ್ (ಫ್ರೇಮ್‌ನೊಳಗೆ ಡೇಟಾ ಎಲ್ಲಿಂದ ಶುರು ಎಂದು ತೋರಿಸುವ ಗುರುತು) ಸರಿದ ಎಣಿಕೆ ಏರುತ್ತಲೇ ಇದೆ, ಇ1 ಲೈನ್‌ಗಳಲ್ಲಿ (ರಿಂಗ್ ಹೊರುವ 2 ಎಂಬಿಪಿಎಸ್ ಲೈನ್‌ಗಳು) ಆಗಾಗ ಸ್ಲಿಪ್, ಅಂದರೆ ಕ್ಲಾಕ್ ಹೊಂದದೆ ಡೇಟಾ ಬಿಟ್ಟುಹೋಗುವುದು ಇಲ್ಲವೇ ಮರುಕಳಿಸುವುದು, ಕಾಣುತ್ತಿದೆ, ಏಕೆ ಎಂದು ಕೇಳಿದ್ದೆ. ನನ್ನ ಗುಮಾನಿ ಫೈಬರ್ ಮೇಲಿತ್ತು. ಕನೆಕ್ಟರ್‌ಗಳನ್ನು ಎರಡೆರಡು ಸಲ ಒರೆಸಿದ್ದೂ ಆಯಿತು. ಪಾಪ, ಅವುಗಳ ತಪ್ಪೇನೂ ಇರಲಿಲ್ಲ.

‘ಮೊದಲು ಕ್ಲಾಕ್ (ನೋಡ್‌ಗಳೆಲ್ಲ ಒಂದೇ ವೇಗದಲ್ಲಿ ನಡೆಯಲು ಬೇಕಾದ ತಾಳ) ಎಲ್ಲಿಂದ ಬರುತ್ತಿದೆ ನೋಡಿ’ ಎಂದವರ ಮಾತೇ ನಿಜವಾಯಿತು. ಅಕ್ಕಪಕ್ಕದ ಎರಡು ನೋಡ್‌ಗಳು ಮುಖ್ಯ ಕ್ಲಾಕ್ ಬಿಟ್ಟು, ಒಂದರ ಗಡಿಯಾರ ನೋಡಿ ಇನ್ನೊಂದು ಮುಳ್ಳು ತಿರುಗಿಸಿಕೊಳ್ಳುತ್ತಿದ್ದವು. ಎಸ್‌ಟಿಎಂ-1 ಫ್ರೇಮ್ ಎಂದರೆ 125 ಮೈಕ್ರೊಸೆಕೆಂಡಿಗೆ 2,430 ಬೈಟ್. ಕ್ಲಾಕ್ ಜಾರುತ್ತಾ ಹೋದರೆ ಒಳಗಿನ ವಿಸಿ-4 (ಡೇಟಾ ಹೊತ್ತ ಪೆಟ್ಟಿಗೆ ಎನ್ನಿ) ಮುಂದಕ್ಕೋ ಹಿಂದಕ್ಕೋ ಸರಿಯಲೇಬೇಕು, ಪ್ರತಿ ಸಲ 3 ಬೈಟ್. ಎಣಿಕೆ ಏರುತ್ತಿದ್ದುದು ಅದಕ್ಕೇ.

ಮೂಲ ಹುಡುಕಿದರೆ, ಒಂದು ಪೋರ್ಟ್‌ನಲ್ಲಿ ಎಸ್‌ಎಸ್‌ಎಂ (ಕ್ಲಾಕ್‌ನ ಗುಣಮಟ್ಟ ತಿಳಿಸುವ ಸಂದೇಶ) ಆಫ್ ಆಗಿತ್ತು. ಹಾಗಾಗಿ ಕ್ಲಾಕ್ ಪಡೆದ ದಿಕ್ಕಿಗೆ, ಆ ಸಂದೇಶ ಹೊರುವ ಎಸ್1 ಬೈಟ್‌ನಲ್ಲಿ ‘ಇದನ್ನು ಬಳಸಬೇಡ’ ಎನ್ನುವ 1111 ಹೋಗುತ್ತಲೇ ಇರಲಿಲ್ಲ. ಅದನ್ನು ಆನ್ ಮಾಡಿ, ಕ್ಲಾಕ್ ಆದ್ಯತೆಯ ಕ್ರಮವನ್ನೂ ಸರಿಪಡಿಸಿದೆ. ಮೂರು ದಿನಗಳಿಂದ ಎಣಿಕೆ ಅಲುಗಾಡಿಲ್ಲ. ನಿನ್ನೆ ರಾತ್ರಿಯಿಡೀ ಒಂದು ಇ1 ಮೇಲೆ ಬಿಟ್ ದೋಷ ಪರೀಕ್ಷೆ ಓಡಿಸಿದೆ. ಬೆಳಿಗ್ಗೆ ನೋಡಿದಾಗ ಸೊನ್ನೆ.