ಸಹಾಯ ಬೇಕು: ಮಾತಿನ ತೊಡಕಿರುವ ಮಕ್ಕಳೊಂದಿಗೆ ಬೆರೆಯಲು ಸ್ವಯಂಸೇವಕರಿಗೆ ತರಬೇತಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳಿಗಾಗಿ ನಾವು ಕೆಲವರು ಸೇರಿ ಭಾನುವಾರಗಳಂದು ಆಟದ ಕೂಟ ನಡೆಸುತ್ತಿದ್ದೇವೆ. ಸ್ವಯಂಸೇವಕರಾಗಿ ಬರುವವರು ಹೆಚ್ಚಾಗಿ ಬಿ.ಇಡಿ. ಮತ್ತು ಪದವಿ ವಿದ್ಯಾರ್ಥಿಗಳು. ಅಕ್ಕರೆಗೆ ಕೊರತೆಯಿಲ್ಲ. ಆದರೆ ಮಗುವಿನ ಮುಂದೆ ಕುಳಿತ ಕೂಡಲೇ "ಹೆಸರೇನು? ಇದು ಯಾವ ಬಣ್ಣ?" ಎಂದು ಪ್ರಶ್ನೆಗಳ ಸುರಿಮಳೆ ಶುರುವಾಗುತ್ತದೆ, ಉತ್ತರಕ್ಕೆ ಕಾಯುವ ವ್ಯವಧಾನ ಇರುವುದಿಲ್ಲ.

ಕಳೆದ ವಾರ ಒಬ್ಬ ಹುಡುಗ ಸ್ಟೀಲ್ ತಟ್ಟೆಯನ್ನು ಬೆರಳಿನಿಂದ ಬಡಿಯುತ್ತಿದ್ದ. ನಮ್ಮ ಸ್ವಯಂಸೇವಕಿಯೊಬ್ಬಳು ಮಾತನಾಡದೆ ಪಕ್ಕದಲ್ಲಿ ಕುಳಿತು ಅದೇ ತಾಳಕ್ಕೆ ನೆಲ ತಟ್ಟಿದಳು. ಅವನು ನಿಲ್ಲಿಸಿ, ಅವಳ ಕೈ ನೋಡಿ, ಮತ್ತೆ ಬಡಿದು ಕಾದ! 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ಇಂಟೆನ್ಸಿವ್ ಇಂಟರಾಕ್ಷನ್’ ವಿಧಾನದ ತಿರುಳೂ ಇದೇ: ಮಗುವಿನ ಸದ್ದು, ಚಲನೆಗಳನ್ನು ಅನುಸರಿಸಿಯೇ ಸಂವಾದ ಕಟ್ಟುವುದು. ಇದನ್ನು ಎಲ್ಲರೂ ಕ್ರಮವಾಗಿ ಕಲಿಯಬೇಕೆಂಬುದು ನಮ್ಮ ಆಸೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಇಲ್ಲಿದ್ದರೆ ದಯವಿಟ್ಟು ಒಂದೆರಡು ಭಾನುವಾರ ಬಿಡುವು ಮಾಡಿಕೊಳ್ಳಿ. ಪ್ರಯಾಣದ ಖರ್ಚು, ಊಟ ನಮ್ಮದು. ಉಪನ್ಯಾಸ ಬೇಡ, ಮಕ್ಕಳ ಜೊತೆ ಕುಳಿತು ತೋರಿಸಿಕೊಡಿ. ಇಂಥ ಮಕ್ಕಳನ್ನು ಬೆಳೆಸಿದ ತಂದೆತಾಯಂದಿರು ಬಂದರಂತೂ ಬಹಳ ಸಂತೋಷ. ಮಗು ಕೈ ಹಿಡಿದೆಳೆದರೆ ನೀರು ಬೇಕೋ, ಹೊರಗೆ ಹೋಗಬೇಕೋ ಎಂಬುದನ್ನು ಅವರಷ್ಟು ಬಲ್ಲವರು ಯಾರಿದ್ದಾರೆ?

ಹಾಗೆಯೇ, ಮಕ್ಕಳು ತಮಗೆ ಬೇಕಾದದ್ದನ್ನು ಬೆರಳಿಟ್ಟು ತೋರಿಸಲು ಚಿತ್ರದ ಕಾರ್ಡುಗಳೂ ಬೇಕು. ಅಂತರ್ಜಾಲದಲ್ಲಿ ಸಿಗುವವುಗಳಲ್ಲಿ ಬರ್ಗರ್ ಇರುತ್ತದೆ, ಮುದ್ದೆ ಇರುವುದಿಲ್ಲ. ಮುದ್ದೆ, ಚೊಂಬು, ಚಾಪೆ, ಸೀರೆಯುಟ್ಟ ಅಜ್ಜಿ, ಇಷ್ಟನ್ನು ಬಿಡಿಸಿಕೊಡಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಿ.